ಮೂಡಿಗೆರೆ ಹಿತ್ತಲಲ್ಲಿ ಟೊಮೆಟೊ ಸೊರಗಿದ್ದಕ್ಕೆ

ನೀರು ಸಾಕಷ್ಟಿದ್ದರೂ ಟೊಮೆಟೊ ಗಿಡ ಎರಡೇ ದಿನಕ್ಕೆ ಹಸಿರಾಗಿಯೇ ಜೋತುಬಿತ್ತು ಅಂದಿದ್ದೀರಿ. ಮೂಡಿಗೆರೆ ಮಳೆಗೆ ಇದು ದುಂಡಾಣು ಸೊರಗು ರೋಗ ಇರಬಹುದು. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಅಲುಗಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಇಳಿದರೆ ಅದೇ. ಔಷಧಿ ಹೊಡೆದು ದುಡ್ಡು ಕಳೀಬೇಡಿ; ಬೇರುಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಆ ಮಡಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆನೂ ಬೇಡ, ಅವಕ್ಕೂ ಬರುತ್ತೆ. ಬೀನ್ಸ್ ಹಾಕಿ. ಟೊಮೆಟೊ ಬೇಕೇ ಬೇಕೆಂದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗ ತಡೆಯುವ ತಳಿ. ಚೀಲಕ್ಕೆ ಬೇರೆ ಕಡೆಯ ಮಣ್ಣು ತುಂಬಿ, ಬಿಸಿಲು ಬೀಳುವ ಸೂರಿನಂಚಲ್ಲಿ ಇಡಿ. ಸಕಲೇಶಪುರದಲ್ಲಿ ನಮ್ಮಮ್ಮ ಹಾಗೇ ಬೆಳೆಸೋದು. ಆ ಹಣ್ಣಿನ ಗೊಜ್ಜು ಬಿಸಿ ಅಕ್ಕಿರೊಟ್ಟಿಗೆ ಎಷ್ಟು ರುಚಿ ಗೊತ್ತಾ!