ಪ್ರೊಫೈಲಿಗೆ ನನ್ನ ಫೋಟೋ ಬದಲು ಕಾರ್ಟೂನ್ ಅವತಾರ ಹಾಕಿಕೊಂಡರೆ ಮೋಸ ಮಾಡಿದಂತಾಗುತ್ತದೆಯೇ? ಆ ಬೊಂಬೆ ನಿಜವಾಗಿ ‘ನಾನು’ ಆಗುತ್ತದೆಯೇ?

ಮೋಸವೇನೂ ಆಗುವುದಿಲ್ಲ. ಅದು ಬರೆದ ಚಿತ್ರ ಎಂದು ನೋಡಿದವರಿಗೆ ತಕ್ಷಣ ಗೊತ್ತಾಗುತ್ತದಲ್ಲ. ಬೇರೆ ಯಾರದೋ ಫೋಟೋ ಹಾಕಿ ‘ಇದು ನಾನೇ’ ಎಂದರೆ ಮಾತ್ರ ಮೋಸ.

ನಿಮ್ಮ ಎರಡನೇ ಪ್ರಶ್ನೆಯ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಎಲ್ಲ ಖಾತೆಗಳಲ್ಲೂ ಒಂದೇ ಚಿತ್ರ: ನಾನೇ ಬಿಡಿಸಿದ ಒಂದು ಮಿಂಚುಳ್ಳಿ. ಒಮ್ಮೆ ಅದನ್ನು ತೆಗೆದು ನನ್ನ ಫೋಟೋ ಹಾಕಿದೆ. ವರ್ಷಗಟ್ಟಲೆ ಮಾತಾಡಿದವರೇ ‘ನೀವು ಯಾರು?’ ಎಂದು ಕೇಳಿದರು. ಅವರ ಪಾಲಿಗೆ ನನ್ನ ಮುಖವೇ ಅಪರಿಚಿತ, ಮಿಂಚುಳ್ಳಿಯೇ ನಾನು. ವಾರದೊಳಗೆ ಹಳೆಯ ಚಿತ್ರಕ್ಕೇ ಮರಳಿದೆ.

ಇದಕ್ಕೆ ‘ಅವತಾರ’ ಎಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಅರ್ಥವಾದದ್ದು ಆಗಲೇ. ವೇಷವನ್ನು ಮೈಮೇಲೆ ತೊಡುತ್ತೇವೆ. ಅವತಾರವೆಂದರೆ ಇಳಿದು ಬರುವುದು. ಇಳಿದು ಬಂದವನು ಬೇರೆಯವನಲ್ಲ, ರೂಪ ಮಾತ್ರ ಬೇರೆ. ಲ್ಯೂಕಸ್‌ಫಿಲ್ಮ್ ಎಂಬ ಅಮೆರಿಕದ ಸಿನಿಮಾ ಕಂಪನಿ 1986ರಲ್ಲಿ ಕಮೊಡೋರ್ 64 ಕಂಪ್ಯೂಟರಿಗೆಂದು ರೂಪಿಸಿದ ‘ಹ್ಯಾಬಿಟಾಟ್’ ಎಂಬ ಆನ್‌ಲೈನ್ ಲೋಕದಲ್ಲಿ, ಆಟಗಾರರು ಓಡಾಡಿಸುತ್ತಿದ್ದ ಬೊಂಬೆಗಳನ್ನು ಅವತಾರ ಎಂದೇ ಕರೆದರು. ಅಲ್ಲಿ ಬೊಂಬೆಯ ತಲೆಯನ್ನೇ ಕಳಚಿ ಇನ್ನೊಂದನ್ನು ಇಟ್ಟುಕೊಳ್ಳಬಹುದಿತ್ತು! ತಲೆ ಬದಲಾದರೂ ಆಡಿಸುವವರು ಅವರೇ.

ಆದರೆ ಆ ರೂಪವೂ ತಿರುಗಿ ನಮ್ಮನ್ನು ತಿದ್ದುತ್ತದೆ. ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವರ್ಚುವಲ್ ಕೋಣೆಯೊಳಗೆ ಕೆಲವರಿಗೆ ಎತ್ತರದ ದೇಹ, ಕೆಲವರಿಗೆ ಕುಳ್ಳ ದೇಹ ಕೊಟ್ಟು ಹಣ ಹಂಚಿಕೊಳ್ಳಲು ಹೇಳಿದರು. ಎತ್ತರದ ಅವತಾರ ಸಿಕ್ಕವರು ಚೌಕಾಶಿಯಲ್ಲಿ ಗಟ್ಟಿಯಾಗಿ ನಿಂತರು. ಕುಳ್ಳ ಅವತಾರದವರು ಅನ್ಯಾಯದ ಪಾಲಿಗೂ ಹೆಚ್ಚಾಗಿ ಒಪ್ಪಿಕೊಂಡರು. ರೂಪ ಬದಲಿಸುವ ಗ್ರೀಕ್ ಸಮುದ್ರದೇವತೆಯ ಹೆಸರಿನಲ್ಲಿ ಇದನ್ನು ‘ಪ್ರೋಟಿಯಸ್ ಪರಿಣಾಮ’ ಎನ್ನುತ್ತಾರೆ. ನನ್ನ ಅನುಭವವೂ ಇದೇ. ಸಿಟ್ಟಿನಲ್ಲಿ ಏನಾದರೂ ಬರೆದು ಕಳಿಸುವ ಮುನ್ನ ಪಕ್ಕದಲ್ಲಿ ಆ ಹಕ್ಕಿ ಕಾಣುತ್ತದೆ. ಇಷ್ಟು ವರ್ಷ ಅದರ ಹೆಸರಿನಲ್ಲಿ ಉಳಿಸಿಕೊಂಡ ಮರ್ಯಾದೆ ನೆನಪಾಗಿ ಎಷ್ಟೋ ಸಲ ಅಳಿಸಿಬಿಟ್ಟಿದ್ದೇನೆ.

ಹಾಗಾಗಿ ಚಂದ ನೋಡಿ ಆರಿಸಬೇಡಿ, ಬಹುಕಾಲ ಜೊತೆಗಿಟ್ಟುಕೊಳ್ಳಬಲ್ಲ ರೂಪವನ್ನು ಆರಿಸಿ. ಸಾಧ್ಯವಾದರೆ ನೀವೇ ಬಿಡಿಸಿ, ವಕ್ರವಾದರೂ ಪರವಾಗಿಲ್ಲ. ಬೇರೆ ಕಲಾವಿದರ ಚಿತ್ರವಾದರೆ ಅವರ ಒಪ್ಪಿಗೆ ಕೇಳಿ. ಫೋಟೋ ಕೊಟ್ಟರೆ ಕಾರ್ಟೂನ್ ಮಾಡಿಕೊಡುವ ಆ್ಯಪ್‌ಗಳಿಗೆ ನಿಮ್ಮ ಮುಖವನ್ನೇ ಒಪ್ಪಿಸುತ್ತೀರಿ ಎಂಬುದು ನೆನಪಿರಲಿ. ಅದನ್ನು ಅವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆಂದು ಮೊದಲು ಓದಿ. ಕೆಲಸಕ್ಕೆ ಅರ್ಜಿ ಹಾಕುವ ಕಡೆ, ಮನೆ ಬಾಡಿಗೆಗೆ ಕೊಡುವ ಕಡೆ ನಾನೂ ಫೋಟೋ ಹಾಕುತ್ತೇನೆ, ಏಕೆಂದರೆ ಅಲ್ಲಿ ಎದುರಿನವರು ನಾಳೆ ನನ್ನನ್ನು ಮುಖತಃ ಭೇಟಿಯಾಗಬೇಕು. ಉಳಿದ ಕಡೆ ನೀವು ಧೈರ್ಯವಾಗಿ ಕಾರ್ಟೂನನ್ನೇ ಹಾಕಿಕೊಳ್ಳಿ.