ಬೈನಾಕ್ಯುಲರ್ ಹಿಡಿದು ನೋವಾ ಹುಡುಕಬಹುದೇ?

ಪ್ರಶ್ನೆ: ನನ್ನಲ್ಲಿ 10×50 ಬೈನಾಕ್ಯುಲರ್ ಇದೆ. ತೋಟದ ಮನೆಯಾದ್ದರಿಂದ ರಾತ್ರಿ ಒಳ್ಳೆಯ ಕತ್ತಲು. ನೋವಾ ಒಂದನ್ನು ನಾನೇ ಮೊದಲು ಕಾಣಬೇಕೆಂಬ ಆಸೆ. ರೋಬಾಟ್ ದೂರದರ್ಶಕಗಳು ಇಡೀ ಆಕಾಶ ಜಾಲಾಡುತ್ತಿರುವ ಈ ಕಾಲದಲ್ಲಿ ಅದು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ತಿಪಟೂರು

ಉತ್ತರ: ಸಾಧ್ಯ. ನೋವಾ ಎಂದರೆ ಇದ್ದಕ್ಕಿದ್ದಂತೆ ಉಕ್ಕಿ ಬೆಳಗುವ ನಕ್ಷತ್ರ, ನೋಡುವವರಿಗೆ ಹೊಸ ಚುಕ್ಕಿ. 2021ರ ಮಾರ್ಚ್ 18ರಂದು ಕ್ಯಾಸಿಯೋಪಿಯಾ ಪುಂಜದ ನೋವಾವನ್ನು ಮೊದಲು ಹಿಡಿದವರು ಜಪಾನಿನ ಹವ್ಯಾಸಿ ಯೂಜಿ ನಕಮುರಾ. ಬಳಸಿದ್ದು 135 ಮಿ.ಮೀ. ಲೆನ್ಸಿನ ಕ್ಯಾಮೆರಾ. ಆಗ ಅದರ ಕಾಂತಿಮಾನ 9.6 (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಮೇ ತಿಂಗಳ ಹೊತ್ತಿಗೆ ಕತ್ತಲ ಆಕಾಶದಲ್ಲಿ ಬರಿಗಣ್ಣಿಗೇ ಸಿಗುವಷ್ಟು ಬೆಳಗಿತ್ತು.

ಆದರೆ ಹೊಸ ಚುಕ್ಕಿ ಕಣ್ಣಿಗೆ ಬೀಳಬೇಕಾದರೆ ಹಳೆಯ ಚುಕ್ಕಿಗಳೆಲ್ಲ ಊರಿನವರಷ್ಟು ಪರಿಚಯವಿರಬೇಕು. ಇಂಗ್ಲೆಂಡಿನ ಶಾಲಾಮಾಸ್ತರ ಜಾರ್ಜ್ ಆಲ್ಕಾಕ್ ಸಾವಿರಾರು ನಕ್ಷತ್ರಗಳ ವಿನ್ಯಾಸವನ್ನು ಬಾಯಿಪಾಠ ಮಾಡಿಕೊಂಡಿದ್ದರು. 1991ರಲ್ಲಿ ತಮ್ಮ ಐದನೆಯ ನೋವಾವನ್ನು ಅವರು ಕಂಡದ್ದು ಮನೆಯೊಳಗೇ ನಿಂತು, ಕಿಟಕಿಯ ಗಾಜಿನ ಮೂಲಕ, ನಿಮ್ಮಂಥದೇ ಬೈನಾಕ್ಯುಲರಿನಲ್ಲಿ.

ಆ ಪರಿಚಯಕ್ಕೆ ನನಗೆ ತಿಳಿದ ಅತ್ಯುತ್ತಮ ದಾರಿ ಚಂಚಲ ತಾರೆಗಳನ್ನು, ಅಂದರೆ ಬೆಳಕು ಏರಿಳಿಯುವ ನಕ್ಷತ್ರಗಳನ್ನು, ಅಳೆಯುವುದು. ಅಕ್ಟೋಬರ್-ನವೆಂಬರ್ ಸಂಜೆ ಉತ್ತರಕ್ಕೆ ಮುಖಮಾಡಿ ಸೆಫಿಯಸ್ ಪುಂಜದ ಚಂಚಲ ತಾರೆ ಡೆಲ್ಟಾ ಸೆಫಿಯನ್ನು ಹುಡುಕಿ. ಪಕ್ಕದಲ್ಲೇ ಝೀಟಾ (ಕಾಂತಿಮಾನ 3.4) ಮತ್ತು ಎಪ್ಸಿಲಾನ್ (4.2) ಇವೆ, ಮೂರೂ ಸೇರಿ ಪುಟ್ಟ ತ್ರಿಕೋನ. ಡೆಲ್ಟಾದ ಬೆಳಕು ಆ ಎರಡರ ನಟ್ಟನಡುವೆ ಅನ್ನಿಸಿದರೆ 3.8 ಎಂದು ಬರೆಯಿರಿ, ಝೀಟಾದತ್ತ ವಾಲಿದರೆ 3.6. ತಾರೀಕು, ಗಂಟೆ ಜೊತೆಗಿರಲಿ. ಎರಡು ವಾರದಲ್ಲಿ ನಿಮ್ಮ ಗ್ರಾಫೇ ಹೇಳುತ್ತದೆ: ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ, 5.37 ದಿನಕ್ಕೊಂದು ಸುತ್ತು. 1784ರಲ್ಲಿ ಇದನ್ನು ಗುರುತಿಸಿದ ಜಾನ್ ಗುಡ್‌ರಿಕ್‌ಗೆ ಕಿವಿ ಕೇಳುತ್ತಿರಲಿಲ್ಲ, ವಯಸ್ಸು ಇಪ್ಪತ್ತು. ಆದರೆ ನೆನ್ನೆಯ ಅಂಕಿಯನ್ನು ನೋಡಿಕೊಂಡು ಹೊರಡಬೇಡಿ, ಕಣ್ಣು ಅದನ್ನೇ ಕಾಣತೊಡಗುತ್ತದೆ.

ಕೆಂಪು ತಾರೆಗಳಲ್ಲಿ ಇನ್ನೊಂದು ಎಚ್ಚರ. ದಿಟ್ಟಿಸಿದಷ್ಟೂ ಅವು ಹೆಚ್ಚು ಪ್ರಕಾಶಮಾನ ಅನ್ನಿಸುತ್ತವೆ. ಸರ್ರನೆ ಒಮ್ಮೆ ನೋಡಿ ಅಂದಾಜಿಸಿ. ಆರ್ದ್ರಾ ಮಳೆಯ ಹೆಸರು ಎಲ್ಲರಿಗೂ ಗೊತ್ತಲ್ಲ, ಆ ಆರ್ದ್ರಾ ನಕ್ಷತ್ರವೂ ಚಂಚಲವೇ. 2020ರ ಫೆಬ್ರವರಿಯಲ್ಲಿ ಅದು ಸುಮಾರು 1.6ಕ್ಕೆ ಮಂಕಾದಾಗ ರೋಹಿಣಿಯ ಜೊತೆ ಹೋಲಿಸಿದ ಯಾರಿಗೂ ವ್ಯತ್ಯಾಸ ಕಾಣುವಂತಿತ್ತು.

ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ರಾಧಾಗೋಬಿಂದ ಚಂದ್ರ ಅವರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮೆಟ್ರಿಕ್ ಪಾಸಾಗದ, ಸರ್ಕಾರಿ ಖಜಾನೆಯ ನೌಕರ. 1918ರ ಜೂನ್‌ನಲ್ಲಿ ಗರುಡ ಪುಂಜದ ಮಹಾ ನೋವಾವನ್ನು ತಾವಾಗಿಯೇ ಕಂಡರು. ಮುಂದೆ ಅಮೆರಿಕದ ಚಂಚಲ ತಾರಾ ವೀಕ್ಷಕರ ಸಂಘ ಆವ್ಸೊಗೆ 37 ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಕಳಿಸಿದರು. ಸಂಘ ಅವರಿಗೆ 6 ಅಂಗುಲದ ದೂರದರ್ಶಕವನ್ನೇ ಎರವಲು ಕೊಟ್ಟಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರು ವೀಕ್ಷಣಾಲಯಕ್ಕೆ ಕೊನೆಗೆ ಸೇರಿದ್ದು ಅದೇ ದೂರದರ್ಶಕ.

ಪ್ರಶ್ನೆ: ಉತ್ತರ ಕಿರೀಟ ಪುಂಜದಲ್ಲಿ ನೋವಾ ಸಿಡಿಯುತ್ತದೆಂದು ಓದಿ ತಿಂಗಳುಗಟ್ಟಲೆ ನೋಡಿದೆ. ಏನೂ ಕಾಣಲಿಲ್ಲ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪೇನೂ ಇಲ್ಲ. ಅದು ‘ಟಿ ಕೊರೊನೆ ಬೊರಿಯಾಲಿಸ್’, ಸ್ವಾತಿಯಿಂದ ಅಭಿಜಿತ್‌ನತ್ತ ಸಾಗುವ ದಾರಿಯಲ್ಲಿರುವ ಜೋಡಿ ನಕ್ಷತ್ರ: ಒಂದು ಕೆಂಪು ದೈತ್ಯ, ಇನ್ನೊಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ, ದಟ್ಟ ತಿರುಳು. ಕೆಂಪು ದೈತ್ಯದ ಹೈಡ್ರೋಜನ್ ಶ್ವೇತಕುಬ್ಜದ ಮೈಮೇಲೆ ಪದರಪದರವಾಗಿ ಶೇಖರವಾಗಿ, ತಳದಲ್ಲಿ ಒತ್ತಡವೂ ಶಾಖವೂ ಮಿತಿಮೀರಿದಾಗ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. 1866ರಲ್ಲಿ, 1946ರಲ್ಲಿ ಹಾಗಾಯಿತು. ಉಳಿದಂತೆ ಕಾಂತಿಮಾನ 10ರ ಆಸುಪಾಸು, ಬರಿಗಣ್ಣಿಗೆ ಸಿಗುವುದೇ ಇಲ್ಲ. ಉಕ್ಕಿದಾಗ 2ರ ಹತ್ತಿರ, ಅದೂ ಕೆಲವೇ ದಿನ. ಅಮೆರಿಕದ ಲೆಸ್ಲಿ ಪೆಲ್ಟಿಯರ್ ವರ್ಷಗಟ್ಟಲೆ ಅದನ್ನು ಕಾದರು. 1946ರ ಆ ರಾತ್ರಿ ನೆಗಡಿಯೆಂದು ಮತ್ತೆ ಹೋಗಿ ಮಲಗಿಬಿಟ್ಟರು.

‘ಕಾಣಲಿಲ್ಲ’ ಎಂಬುದೂ ಅಳತೆಯೇ. ಆ ಜಾಗದ ಹತ್ತಿರ ನಿಮಗೆ ಕಂಡ ಅತಿ ಮಂಕಾದ ನಕ್ಷತ್ರ ಯಾವುದೋ, ‘ಅದಕ್ಕಿಂತ ಮಂಕು’ ಎಂದು ಆವ್ಸೊಗೆ ಕಳಿಸಿ. ಸ್ಫೋಟ ಯಾವ ಗಂಟೆಯ ನಂತರ ಆಯಿತೆಂದು ತಿಳಿಯುವುದು ಇಂಥ ವರದಿಗಳಿಂದಲೇ. ಒಂದು ದಿನ ಅಲ್ಲಿ ಚುಕ್ಕಿ ಕಂಡರೆ ಅರ್ಧ ಗಂಟೆ ಬಿಟ್ಟು ಎರಡು ಫೋಟೊ ತೆಗೆಯಿರಿ. ಉಪಗ್ರಹವಾದರೆ ಎರಡನೆಯದರಲ್ಲಿ ಇರುವುದಿಲ್ಲ. ಲೆನ್ಸಿನೊಳಗಿನ ಪ್ರತಿಫಲನವಾದರೆ ಕ್ಯಾಮೆರಾ ಸ್ವಲ್ಪ ಓರೆ ಮಾಡಿದೊಡನೆ ಜಾಗ ಬದಲಿಸುತ್ತದೆ.