ಎರಡು ಸಾವಿರಕ್ಕೆ 1572ರ ನಕ್ಷೆ ಸಿಗುತ್ತದಾ?

ಪ್ರಶ್ನೆ: ಚಾವಡಿಯ ಗೋಡೆಗೆಂದು 1572ರ ಕಲ್ಲಿಕೋಟೆ ನಕ್ಷೆಯನ್ನು ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಕೊಂಡೆ. ‘ಆ್ಯಂಟಿಕ್’ ಎಂದು ಬರೆದಿದ್ದರು. ಇದು ಅಸಲಿಯೇ? ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಏನು ಮಾಡಲಿ? ನಮ್ಮ ಕಡೆಯ ಊರುಗಳ ಹಳೇ ನಕ್ಷೆಯೂ ಇದೆಯೇ?
– ಓದುಗರು, ಉಡುಪಿ

ಉತ್ತರ: ಆ ಬೆಲೆಗೆ ಅಸಲಿ ಸಿಗುವುದಿಲ್ಲ. ನಿಮ್ಮದು ಪ್ರತಿ, ಅಂದರೆ ನಕಲು ಎಂದೇ ಇಟ್ಟುಕೊಳ್ಳಿ. ಪ್ರತಿ ಇರುವುದು ತಪ್ಪಲ್ಲ, ಅದನ್ನು ಅಸಲಿ ಎಂದು ಮಾರುವುದು ತಪ್ಪು.

ಈ ನಕ್ಷೆ ಬ್ರೌನ್ ಮತ್ತು ಹೋಗನ್‌ಬರ್ಗ್ ಅವರ ನಗರಗಳ ಅಟ್ಲಾಸಿನದ್ದು. ಮೊದಲ ಸಂಪುಟ 1572ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಚ್ಚಾಯಿತು. ಅದರ ಒಂದೇ ಹಾಳೆಯಲ್ಲಿ ಕಲ್ಲಿಕೋಟೆ, ಕಣ್ಣೂರು, ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಮತ್ತು ಆಫ್ರಿಕಾದ ಎಲ್ಮಿನಾ ಇವೆ. ನಿಮ್ಮಲ್ಲಿ ಕಲ್ಲಿಕೋಟೆ ಒಂದೇ ಇದ್ದರೆ ಯಾರೋ ಕತ್ತರಿಸಿದ್ದಾರೆ ಅಥವಾ ಅಷ್ಟನ್ನೇ ಪ್ರಿಂಟ್ ತೆಗೆದಿದ್ದಾರೆ.

ಹಾಳೆಯ ಹಿಂಬದಿ ನೋಡಿ. ಆ ಅಟ್ಲಾಸಿನಲ್ಲಿ ಹಿಂಬದಿಗೆ ಲ್ಯಾಟಿನ್, ಜರ್ಮನ್ ಅಥವಾ ಫ್ರೆಂಚ್ ಬರಹ ಇರುತ್ತಿತ್ತು. ಖಾಲಿ ಇದ್ದರೆ ಅನುಮಾನ ಜಾಸ್ತಿ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿಯಿರಿ. ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್ ಪ್ರಿಂಟ್, ಅಂದರೆ ಈಗಿನ ಯಂತ್ರದ ಮುದ್ರಣ. ತಾಮ್ರದ ಹಲಗೆಯಲ್ಲಿ ಕೊರೆದು ಒತ್ತಿದ್ದರಲ್ಲಿ ಗೆರೆಗಳು ಕಡಿಯದೆ ಹರಿಯುತ್ತವೆ. ಶಾಯಿ ಕಾಗದದ ಮೇಲೆ ಸ್ವಲ್ಪ ಎದ್ದು ನಿಂತಿರುತ್ತದೆ. ಸುತ್ತಲೂ ಹಲಗೆಯ ಅಂಚು ಒತ್ತಿದ ಗುರುತು ಇರುತ್ತದೆ, ಆದರೆ ಇದನ್ನೊಂದೇ ನಂಬಬೇಡಿ. ಈಗಿನ ಪ್ರತಿಗಳಿಗೂ ಅಂಥ ಗುರುತು ಒತ್ತುತ್ತಾರೆ. ಕಾಗದ ಹಳದಿ ಕಾಣಲಿ ಎಂದು ಚಹಾದಲ್ಲಿ ಅದ್ದುವವರೂ ಇದ್ದಾರೆ!

ಇನ್ನು ಬೂಸ್ಟು. ನಮ್ಮ ಕರಾವಳಿಯ ತೇವಕ್ಕೆ ಅಸಲಿಗಿಂತ ಒಳ್ಳೆ ಪ್ರತಿಯೇ ಸುಖ, ಹಾಳಾದರೆ ಇನ್ನೊಂದು ತೆಗೆಸಬಹುದು. ಕಾಗದ ಗಾಜಿಗೆ ತಾಗಬಾರದು. ನಡುವೆ ಆಮ್ಲರಹಿತ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಹಾಕಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಬ್ಬಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಜಾಗವೂ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಪ್ರಿಂಟ್ ಮಂಕಾಗಿದ್ದರೆ ಹೊಸದು ಮಾಡಿಸಿ. ದೊಡ್ಡ ಗ್ರಂಥಾಲಯಗಳ ಜಾಲತಾಣಗಳಲ್ಲಿ ಹಳೇ ನಕ್ಷೆಗಳ ಸ್ಕ್ಯಾನ್ ಸಿಗುತ್ತದೆ, ಬಳಕೆಯ ನಿಯಮ ಓದಿ ಇಳಿಸಿಕೊಳ್ಳಿ. 24×18 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂದರೆ 7200×5400 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಸಾಲದು. ಪಿಗ್ಮೆಂಟ್ ಶಾಯಿ, ಹತ್ತಿಯ ಕಾಗದ ಎಂದು ಕೇಳಿ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಬಣ್ಣ ಬೇಗ ಮಾಸುವುದಿಲ್ಲ.

ನಮ್ಮ ಕಡೆಯದ್ದೂ ಇದೆ. ಪೋರ್ಚುಗೀಸರ ಕೋಟೆಗಳ ಬಗ್ಗೆ ಅಂತೋನಿಯೊ ಬೊಕಾರೊ 1635ರಲ್ಲಿ ಸಿದ್ಧಪಡಿಸಿದ ಪುಸ್ತಕದಲ್ಲಿ ಮಂಗಳೂರು, ಬಸ್ರೂರು, ಹೊನ್ನಾವರಗಳ ಚಿತ್ರಗಳಿವೆ. ಅವು ಕೈಯಲ್ಲಿ ಬರೆದು ಬಣ್ಣ ಹಚ್ಚಿದವು. ಹಾಗಾಗಿ ಅದೇ ಚಿತ್ರವನ್ನು ‘ತಾಮ್ರದ ಅಚ್ಚಿನ ಅಸಲಿ’ ಎಂದು ಯಾರಾದರೂ ತೋರಿಸಿದರೆ ಹಣ ಕೊಡಬೇಡಿ. ಬಸ್ರೂರಿನದ್ದರ ಒಂದು ಒಳ್ಳೆ ಪ್ರತಿ ಸಿಕ್ಕರೆ ಮಾತ್ರ ಬಿಡಬೇಡಿ.